ಅಜ್ಜಿ ಹೋದಾಗ ಅಳು ಬರಲಿಲ್ಲ, ‘ಸದ್ಯ’ ಅನ್ನಿಸಿತು. ನನಗೆ ಕರುಳೇ ಇಲ್ಲವಾ?

ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ ಅಜ್ಜಿ ತೀರಿಕೊಂಡಾಗ ಅಳು ಬರಲಿಲ್ಲ, ಅತ್ತೆ ನಾಲ್ಕು ಜನರ ಎದುರಿಗೇ ಆಡಿಕೊಂಡರು ಅಂತ ಬರೆದಿದ್ದೀರಿ. ಕರುಳು ಇಲ್ಲದವರು ಈ ಪ್ರಶ್ನೆ ಕೇಳೋಕೆ ಬರಲ್ಲ. ಆ ‘ಸದ್ಯ’ದಲ್ಲಿ ಅಜ್ಜಿಯ ನರಳಾಟ ಮುಗಿದ ನೆಮ್ಮದಿ ಇರುತ್ತೆ, ನಿಮ್ಮ ಮನೆಯವರ ನಿದ್ದೆಯ ಪಾಲೂ ಇರುತ್ತೆ. ಇರಲಿ ಬಿಡಿ.

ನಮ್ಮದು ದಾವಣಗೆರೆ. ಅಜ್ಜನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ನುಂಗೋಕೆ ಆಗದೆ ಮೂಗಿಗೆ ನಳಿಗೆ ಹಾಕಿದ್ದರು. ಬೆನ್ನು ಹುಣ್ಣಾಗಬಾರದು ಅಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಳಿ ಹಾಸಿಗೆ ತಂದರೂ ಅದು ತಪ್ಪಲ್ಲ. ಹಗಲು ಯಾರಾದರೂ ಇರ್ತಿದ್ವಿ. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳುತ್ತಿದ್ದವಳು ಅವ್ವ. ಅಜ್ಜ ಹೋದ ಬೆಳಿಗ್ಗೆ ನನಗೆ ಮೊದಲು ಹೊಳೆದದ್ದು ಇಷ್ಟೇ: ಇವತ್ತು ರಾತ್ರಿ ಅವ್ವ ಮಲಗ್ತಾಳೆ.

ನಾವು ಲಿಂಗಾಯತರು. ವಿಭೂತಿ ಹಚ್ಚಿ, ಹೊಸ ಪಂಚೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದರು. ವರ್ಷಗಟ್ಟಲೆ ಮಲಗೇ ಇದ್ದ ಮನುಷ್ಯ ಅವತ್ತು ಕೂತಿದ್ದ. ನೋಡಿ ಖುಷಿಯಂಥದ್ದೇ ಏನೋ ಆಯ್ತು, ಸುಳ್ಳು ಹೇಳಲ್ಲ. ಅಷ್ಟರಲ್ಲಿ ಹಿಂದಿನಿಂದ ಒಬ್ಬರು, ‘ಕಣ್ಣಾಗ ಒಂದ್ ಹನಿ ನೀರಿಲ್ಲ ನೋಡ್ರೀ’ ಅಂದರು. ಅಜ್ಜ ಮಲಗಿದ್ದಷ್ಟು ಕಾಲ ನಮ್ಮ ಹೊಸಿಲು ತುಳಿಯದವರೇ ಅವರು! ನನ್ನ ಮಟ್ಟಿಗೆ ಅಜ್ಜ ಮಾತು ನಿಂತ ದಿನವೇ ಅರ್ಧ ಹೋಗಿದ್ದ, ಅಳು ಆವಾಗಲೇ ಬಂದು ಹೋಗಿತ್ತು.

ನಿಜವಾದ ಕಷ್ಟ ಆಮೇಲೆ ಶುರುವಾಯ್ತು. ಕಣ್ಣು ಮುಚ್ಚಿದರೆ ನಳಿಗೆ ಹಾಕಿದ ಮುಖವೇ. ಹತ್ತಿ ಗಿರಣಿಯ ಪಾಳಿ ಮುಗಿಸಿ ಖಾರ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ ಅಜ್ಜ, ದುಗ್ಗಮ್ಮನ ಜಾತ್ರೇಲಿ ಹೆಗಲ ಮೇಲೆ ಕೂರಿಸಿಕೊಂಡ ಅಜ್ಜ ಎಷ್ಟು ಹುಡುಕಿದರೂ ಸಿಗಲಿಲ್ಲ. ಒಂದು ದಿನ ಗಿರಣಿಯ ಹಳೇ ಜೊತೆಗಾರರೊಬ್ಬರು ಬಂದು, ಅಜ್ಜ ರಾತ್ರಿ ಪಾಳಿ ತಪ್ಪಿಸಿ ಸಿನಿಮಾಕ್ಕೆ ಹೋಗಿ, ಅಲ್ಲೇ ಮೇಸ್ತ್ರಿಯ ಪಕ್ಕದ ಸೀಟು ಸಿಕ್ಕ ಕಥೆ ಹೇಳಿದರು. ನಕ್ಕೂ ನಕ್ಕೂ ಅಳು ಬಂತು. ನೀವೂ ಅಜ್ಜಿಯನ್ನು ಕಾಯಿಲೆಗೆ ಮುಂಚೆ ಬಲ್ಲವರನ್ನ ಹುಡುಕಿ ಮಾತಾಡಿಸಿ. ಓರಗಿತ್ತಿ, ಪಕ್ಕದ ಮನೆಯವರು, ಯಾರಾದರೂ ಸರಿ.

ಇನ್ನೊಂದು, ಅಜ್ಜಿಯ ಆರೈಕೆ ಯಾರು ಮಾಡಿದರೋ ಅವರ ಕಡೆ ಸ್ವಲ್ಪ ಗಮನ ಇರಲಿ. ಅವ್ವ ಮಲಗ್ತಾಳೆ ಅಂದುಕೊಂಡೆನಲ್ಲ, ಎಲ್ಲಿ! ಎಷ್ಟೋ ದಿನ ಎರಡು ಗಂಟೆಗೆ ಎದ್ದು ಕೂರುತ್ತಿದ್ದಳು. ‘ಪುಣ್ಯ ಕಟ್ಕಂಡಿ ಬಿಡು’ ಅಂತ ಎಲ್ಲರೂ ಅಂದರು, ಹೊತ್ತು ಹೇಗೆ ಕಳೀತಿದೆ ಅಂತ ಯಾರೂ ಕೇಳಲಿಲ್ಲ.

ಅಳು ಬಾರದ್ದು ಕಾಯಿಲೆ ಅಲ್ಲ. ಆರು ತಿಂಗಳು ದಾಟಿದರೂ ಊಟ, ನಿದ್ದೆ, ಕೆಲಸ ಹಳಿಗೆ ಬರದಿದ್ದರೆ ವೈದ್ಯರ ಹತ್ತಿರ ಹೋಗಿ. ಅಷ್ಟು ದಿನ ಕಾಯಬೇಕು ಅಂತಲೂ ಇಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಅತ್ತೆಗೆ ಏನು ಉತ್ತರ ಕೊಡಲಿ ಅಂತಲೂ ಕೇಳಿದ್ದೀರಿ. ಏನೂ ಕೊಡಬೇಡಿ. ನಮ್ಮ ಕಡೆ ಅಂಥವರು ತೀರಿಕೊಂಡವರ ಹೆಸರಲ್ಲಿ ಮಾಡೋ ಶಿವಗಣಾರಾಧನೆ ಊಟ ಮುಗಿಸಿ ಹೋದರೆ ಮುಂದಿನ ಮದುವೆ ತನಕ ಪತ್ತೆ ಇರಲ್ಲ.