ಕಾರ್ಯಾದೇಶ ಕೈಗೆ ಬರುವ ಮೊದಲು ಪೈಪು ತರಬೇಡಿ

ಅಣ್ಣ, ಕಾರ್ಯಾದೇಶ, ಅಂದರೆ ಕೆಲಸ ಶುರುಮಾಡಿ ಎಂದು ಇಲಾಖೆ ಕೊಡುವ ಲಿಖಿತ ಆದೇಶ, ಬರುವವರೆಗೆ ದಯವಿಟ್ಟು ನಾಳೆ ಡ್ರಿಪ್ ಸಾಮಾನು ಇಳಿಸಿಕೊಳ್ಳಬೇಡಿ. ಈ ವರ್ಷದ ಬಜೆಟ್ ಹಣ ತಾಲ್ಲೂಕಿಗೆ ಇನ್ನೂ ಬಂದಿಲ್ಲ ಎಂದು ತೋಟಗಾರಿಕೆ ಕಚೇರಿಯಲ್ಲಿ ಹೇಳಿದರು, ದಾಳಿಂಬೆ ಗಿಡ ಕಾಯುವುದಿಲ್ಲ, ಡ್ರಿಪ್ ಈಗಲೇ ಹಾಕಿಸಿ ಹಣ ಬಂದಾಗ ಬಿಲ್ ಕೊಟ್ಟು ಸಬ್ಸಿಡಿ ಪಡೆಯುತ್ತೇನೆ ಎಂದು ನೀವು ಬರೆದಿದ್ದೀರಿ. ಓದಿ ಸುಮ್ಮನಿರಲು ಆಗಲಿಲ್ಲ. 2018ರ ಮೇ ತಿಂಗಳಲ್ಲಿ ನಾನು ಇದನ್ನೇ ಮಾಡಿದ್ದೆ.

ಅದು ಚುನಾವಣೆಯ ವರ್ಷ. ಫೆಬ್ರವರಿ 16ಕ್ಕೆ ಒಂದು ಬಜೆಟ್, ಮೇ 12ಕ್ಕೆ ಮತದಾನ, ಸರ್ಕಾರ ಬದಲಾಗಿ ಜುಲೈ 5ಕ್ಕೆ ಮತ್ತೊಂದು ಬಜೆಟ್. ನಡುವೆ ನೀತಿ ಸಂಹಿತೆ. ಕಚೇರಿಗೆ ಹೋದಾಗಲೆಲ್ಲ "ಅನುದಾನ ಬಂದಿಲ್ಲ" ಎಂಬ ಒಂದೇ ಉತ್ತರ. ಇತ್ತ ಬೋರ್‌ವೆಲ್ ನೀರು ಇಳಿಯುತ್ತಿತ್ತು. ಡೀಲರ್ ಒಬ್ಬರು, "ನೀವು ಹಾಕಿಸಿಕೊಳ್ಳಿ, ಬಿಲ್ಲಿನ ತಾರೀಖು ಆಮೇಲೆ ಸರಿ ಮಾಡಿಕೊಡುತ್ತೇನೆ" ಎಂದರು. ನಂಬಿದೆ. ಎರಡು ಎಕರೆಗೆ 84 ಸಾವಿರ ರೂಪಾಯಿ ಕೈಯಿಂದ ಹೋಯಿತು. ಅಕ್ಟೋಬರಿನಲ್ಲಿ ಪರಿಶೀಲನೆಗೆ ಬಂದವರು ಲ್ಯಾಟರಲ್ (ಸಾಲಿನುದ್ದಕ್ಕೆ ಹಾಸುವ ಸಣ್ಣ ಪೈಪು) ಮೇಲೆ ಅಚ್ಚಾಗಿದ್ದ ತಯಾರಿಕೆಯ ತಿಂಗಳನ್ನು ನೋಡಿದರು, ಬಿಸಿಲಿಗೆ ಮಾಸಿದ ಬಣ್ಣವನ್ನು ನೋಡಿದರು, ಸಾಲುಗಳಲ್ಲಿ ಬೆಳೆದು ನಿಂತಿದ್ದ ಕಳೆಯನ್ನು ನೋಡಿದರು. ಕಾರ್ಯಾದೇಶಕ್ಕಿಂತ ಮೊದಲೇ ಅಳವಡಿಸಿದ್ದು ಎಂದು ಬರೆದು ಹೋದರು. ಅವರದು ತಪ್ಪಲ್ಲ. ಡೀಲರ್ ಫೋನ್ ಎತ್ತುವುದನ್ನು ನಿಲ್ಲಿಸಿದರು. ಆ ಎರಡು ಎಕರೆಗೆ ಒಂದು ಪೈಸೆ ಬರಲಿಲ್ಲ. ಅದೇ ಊರಿನಲ್ಲಿ ನನಗಿಂತ ತಡವಾಗಿ ಅರ್ಜಿ ಕೊಟ್ಟು ಸುಮ್ಮನೆ ಕಾದಿದ್ದ ಮೂವರಿಗೆ ಡಿಸೆಂಬರಿನೊಳಗೆ ಕೆಲಸ ಮುಗಿದಿತ್ತು. ಬಿಲ್ಲಿನ ತಾರೀಖು ತಿದ್ದುವ ಮಾತನ್ನು ನಿಮ್ಮ ಡೀಲರ್ ಕೂಡ ಆಡಿದ್ದರೆ, ಅದು ಸುಳ್ಳು ದಾಖಲೆ, ಸಹಿ ನಿಮ್ಮದು ಎಂಬುದನ್ನು ಮರೆಯಬೇಡಿ.

ಬಜೆಟ್ ತಡವಾದರೆ ಯೋಜನೆಯೇ ಹೋಯಿತು ಎಂದು ಗುಂಪಿನಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಬಜೆಟ್ ಪೂರ್ಣವಾಗಿ ಅಂಗೀಕಾರ ಆಗದಿದ್ದರೆ ಕೆಲವು ತಿಂಗಳ ಖರ್ಚಿಗೆ ಲೇಖಾನುದಾನ ಪಡೆಯುತ್ತಾರೆ. ಅದರಿಂದ ಸಂಬಳ, ಪಿಂಚಣಿಯಂಥ ನಡೆಯುತ್ತಿರುವ ಖರ್ಚು ಸಾಗುತ್ತದೆ, ಹೊಸ ಕಾರ್ಯಾದೇಶಗಳು ನಿಧಾನವಾಗುತ್ತವೆ. 2023ರಲ್ಲೂ ಇದೇ ಕಥೆ: ಫೆಬ್ರವರಿ 17ಕ್ಕೆ ಒಂದು ಬಜೆಟ್, ಮೇ 10ಕ್ಕೆ ಮತದಾನ, ಜುಲೈ 7ಕ್ಕೆ ಹೊಸ ಬಜೆಟ್. ಚುನಾವಣೆ ಇಲ್ಲದ ವರ್ಷದಲ್ಲೂ ಏಪ್ರಿಲ್ 1ಕ್ಕೆ ಹಣ ತಾಲ್ಲೂಕಿನಲ್ಲಿ ಬಂದು ಕೂರುವುದಿಲ್ಲ. ಬೆಂಗಳೂರಿನಿಂದ ಜಿಲ್ಲೆಗೆ ಗುರಿ ಹಂಚಿಕೆಯಾಗಬೇಕು, ಅಲ್ಲಿಂದ ತಾಲ್ಲೂಕಿಗೆ ಬರಬೇಕು. ಹನಿ ನೀರಾವರಿಯಲ್ಲಿ ಕೇಂದ್ರದ ಪಾಲೂ ಇದೆ, ಕೇಂದ್ರ 60, ರಾಜ್ಯ 40ರ ಲೆಕ್ಕ. ಒಂದು ಪಾಲು ತಡವಾದರೂ ಬಿಲ್ ಖಜಾನೆಯಲ್ಲಿ ನಿಲ್ಲುತ್ತದೆ. ಮಾರ್ಚ್ 31 ದಾಟಿದರೆ ಆ ವರ್ಷದಲ್ಲಿ ಉಳಿದ ಅನುದಾನ ರದ್ದಾಗುತ್ತದೆ, ಅದಕ್ಕೇ ಫೆಬ್ರವರಿ, ಮಾರ್ಚ್‌ನಲ್ಲಿ ಅವರಿಗೂ ಅಷ್ಟು ಅವಸರ. ನಮ್ಮ ದಾಖಲೆ ಆಗ ಸಿದ್ಧವಿಲ್ಲದಿದ್ದರೆ ಪಟ್ಟಿಯಲ್ಲಿ ನಮ್ಮ ಹಿಂದಿರುವವರಿಗೆ ಹೋಗುತ್ತದೆ.

ಆದ್ದರಿಂದ "ಬಜೆಟ್ ಬಂದಿಲ್ಲ" ಎಂಬ ಉತ್ತರ ಕೇಳಿ ವಾಪಸ್ ಬರಬೇಡಿ. ಯಾವ ಲೆಕ್ಕಶೀರ್ಷಿಕೆಯಲ್ಲಿ (ಹಣವನ್ನು ಯಾವ ಬಾಬ್ತಿಗೆ ಇಟ್ಟಿದ್ದಾರೆ ಎಂಬ ವಿಭಾಗ) ಬಂದಿಲ್ಲ ಎಂದು ಕೇಳಿ. ಸಾಮಾನ್ಯ ವರ್ಗದ್ದು, ಪರಿಶಿಷ್ಟ ಜಾತಿಯದು, ಪರಿಶಿಷ್ಟ ಪಂಗಡದ್ದು ಬೇರೆ ಬೇರೆ. ಒಂದರಲ್ಲಿ ಮುಗಿದಿದ್ದರೂ ಇನ್ನೊಂದರಲ್ಲಿ ಇರಬಹುದು. ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ಎಷ್ಟು ಎಂದು ಕೇಳಿ. ಅರ್ಜಿ ಮುಂದಿನ ವರ್ಷಕ್ಕೆ ಮುಂದುವರಿಯುತ್ತದೆಯೋ, ಹೊಸದಾಗಿ ಕೊಡಬೇಕೋ ಎಂದು ಕೇಳಿ. ಇದು ಕಚೇರಿಯಿಂದ ಕಚೇರಿಗೆ ಬೇರೆ ಇರುವುದನ್ನು ನಾನೇ ಕಂಡಿದ್ದೇನೆ, ಹಾಗಾಗಿ ನನ್ನ ಮಾತು ನಂಬಿ ಕೂರಬೇಡಿ. ಬಾಯಿಮಾತಿನ ಅರ್ಜಿ ಅರ್ಜಿಯಲ್ಲ. ಸ್ವೀಕೃತಿ ಸಂಖ್ಯೆ ಇಲ್ಲದೆ ಬಾಗಿಲು ದಾಟಬೇಡಿ. ಹೋದ ದಿನ, ಯಾವ ಮೇಜು, ಏನು ಹೇಳಿದರು, ಎಲ್ಲವನ್ನೂ ನಾನು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಅದು ಎದುರಿಗಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ನಿಮ್ಮ ಜಮೀನಿನಲ್ಲಿ ಒಂದು ಎಕರೆ ಹಿಪ್ಪುನೇರಳೆ ಇದೆ ಎಂದು ಹಿಂದೊಮ್ಮೆ ಹೇಳಿದ್ದಿರಿ. ಅದಕ್ಕೆ ರೇಷ್ಮೆ ಇಲಾಖೆಯಲ್ಲಿ ಬೇರೆಯಾಗಿ ಕೇಳಿ. ಕಬ್ಬು, ತೊಗರಿಯಂಥ ಹೊಲದ ಬೆಳೆಗೆ ರೈತ ಸಂಪರ್ಕ ಕೇಂದ್ರ. ಆದರೆ ಒಂದೇ ತುಂಡು ಜಮೀನಿಗೆ ಎರಡು ಕಡೆ ಹಾಕಬೇಡಿ. ಒಮ್ಮೆ ಸಹಾಯಧನ ಪಡೆದ ಜಮೀನಿಗೆ ಏಳು ವರ್ಷ ಮತ್ತೆ ಸಿಗುವುದಿಲ್ಲ, ಎಫ್‌ಐಡಿಯಲ್ಲಿ (ಫ್ರೂಟ್ಸ್ ಎಂಬ ಸರ್ಕಾರದ ರೈತರ ದಾಖಲೆಯಲ್ಲಿ ನಿಮ್ಮ ಗುರುತಿನ ಸಂಖ್ಯೆ) ಎಲ್ಲವೂ ಕಾಣುತ್ತದೆ.

ಇನ್ನೊಂದು ಬಗೆಯ ಕಾಯುವಿಕೆ ಇದೆ, ಅದರಲ್ಲೂ ನಾನು ನಷ್ಟ ಉಂಡಿದ್ದೇನೆ. 2023ರ ಬರದಲ್ಲಿ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಕೇಂದ್ರದ ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ ಮೊದಲು ಒಬ್ಬ ರೈತರಿಗೆ ಗರಿಷ್ಠ 2,000 ರೂಪಾಯಿ ಬರ ಪರಿಹಾರ ಹಾಕಿತು, ಸುಪ್ರೀಂ ಕೋರ್ಟಿಗೂ ಹೋಯಿತು, 2024ರ ಏಪ್ರಿಲ್ ಕೊನೆಗೆ ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಅದೂ ಎರಡು ಹೆಕ್ಟೇರ್‌ವರೆಗೆ. ನನಗೆ 2,000ವೂ ಬರಲಿಲ್ಲ, ಉಳಿದದ್ದೂ ಬರಲಿಲ್ಲ. ದೆಹಲಿ, ಬೆಂಗಳೂರಿನ ಜಗಳ ಮುಗಿಯಲಿ ಎಂದು ಜನವರಿಯಿಂದ ಜುಲೈವರೆಗೆ ಕಾದೆ. ಅಕ್ಕಪಕ್ಕದವರಿಗೆ ಬಂದದ್ದು ಕಣ್ಣಿಗೆ ಕಾಣುತ್ತಿತ್ತು, ಆದರೂ ಕಾದೆ. ಕೊನೆಗೆ ನೋಡಿದರೆ ನನ್ನ ಆಧಾರ್ ಜೋಡಣೆಯಾಗಿದ್ದು ಎಂದೋ ತೆರೆದು ಬಿಟ್ಟಿದ್ದ, ವ್ಯವಹಾರವಿಲ್ಲದೆ ಸ್ಥಗಿತವಾಗಿದ್ದ ಖಾತೆಗೆ.

ಅಂದಿನಿಂದ ನನ್ನದು ಒಂದೇ ಪರೀಕ್ಷೆ. ಊರಿಗೇ ಬರದಿದ್ದರೆ ತೊಂದರೆ ಅನುದಾನದಲ್ಲಿದೆ, ಕಾಯಬೇಕು. ಊರಿಗೆಲ್ಲ ಬಂದು ನನಗೊಬ್ಬನಿಗೆ ಬರದಿದ್ದರೆ ತೊಂದರೆ ನನ್ನ ದಾಖಲೆಯಲ್ಲಿದೆ, ಅಂದೇ ಹೊರಡಬೇಕು. ಗೃಹಲಕ್ಷ್ಮಿಯ 2,000ಕ್ಕೂ, ಸಂಧ್ಯಾ ಸುರಕ್ಷಾ ಪಿಂಚಣಿಗೂ, ಪಿಎಂ ಕಿಸಾನ್ ಕಂತಿಗೂ ಇದೇ ಪರೀಕ್ಷೆ. ಡಿಬಿಟಿ (ಖಾತೆಗೆ ನೇರ ಹಣ ವರ್ಗಾವಣೆ) ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯಿಂದ ಎಷ್ಟು, ಯಾವ ಬ್ಯಾಂಕಿಗೆ ಹೋಯಿತು ಎಂಬುದು ಸಿಗುತ್ತದೆ. ಬ್ಯಾಂಕಿನಲ್ಲಿ ಕೇವಲ ಆಧಾರ್ ಜೆರಾಕ್ಸ್ ಕೊಟ್ಟು ಬಂದರೆ ಸಾಲದು, ಎನ್‌ಪಿಸಿಐ ಜೋಡಣೆ (ಸರ್ಕಾರದ ಹಣ ಈ ಖಾತೆಗೇ ಬರಲಿ ಎಂದು ಆಧಾರ್‌ಗೆ ಗುರುತು ಮಾಡುವುದು) ಮಾಡಿ ಎಂದು ಸ್ಪಷ್ಟವಾಗಿ ಕೇಳಿ. ಕೊನೆಯದಾಗಿ ಜೋಡಿಸಿದ ಖಾತೆಗೇ ಹಣ ಹೋಗುತ್ತದೆ. ಅದಕ್ಕೇ ಯಾರೋ ಹೊಸ ಖಾತೆ ತೆರೆಸಲು ಊರಿಗೆ ಬಂದರೆಂದು ಕಂಡಕಂಡಲ್ಲಿ ಹೆಬ್ಬೆಟ್ಟು ಒತ್ತಬೇಡಿ. ಪಹಣಿಯಲ್ಲಿ ಇನ್ನೂ ತೀರಿಕೊಂಡ ತಂದೆಯ ಹೆಸರಿದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ. ಹೆಸರು ಆಧಾರ್‌ನಲ್ಲಿ ಒಂದು, ಪಹಣಿಯಲ್ಲಿ ಒಂದು ಇದ್ದರೂ ಫ್ರೂಟ್ಸ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಾಡಕಚೇರಿಯ ಸೇವೆ ಸಕಾಲದ (ನಿಗದಿತ ದಿನದೊಳಗೆ ಸೇವೆ ಕೊಡಬೇಕೆಂಬ ಕಾಯ್ದೆ) ಅಡಿ ಬರುವುದಾದರೆ ಜಿಎಸ್‌ಸಿ ಸಂಖ್ಯೆ, ಅಂದರೆ ಸಕಾಲದ ಅರ್ಜಿ ಸಂಖ್ಯೆ, ಪಡೆಯಿರಿ. ಯಾರೂ ಉತ್ತರ ಕೊಡದಿದ್ದರೆ ಜನಸ್ಪಂದನದ 1902ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಗಿಡದ ವಿಷಯ. ಕಾಯುವಾಗ ಕೈಕಟ್ಟಿ ಕೂರಿ ಎಂದು ನಾನು ಹೇಳುತ್ತಿಲ್ಲ. ಪೈಪಿಗೆ ಚರಂಡಿ ತೋಡಿಸಿ ಇಡಿ, ಗಿಡದ ಗುಂಡಿಗೆ ಗೊಬ್ಬರ ತುಂಬಿಸಿ. ನೆಟ್ಟ ಗಿಡಗಳಿಗೆ ಬುಡದಲ್ಲಿ ದಪ್ಪಗೆ ಕಡಲೆಸಿಪ್ಪೆಯನ್ನೋ ತೆಂಗಿನ ಗರಿಯನ್ನೋ ಮುಚ್ಚಿಗೆ ಮಾಡಿ, ಹೋಸ್ ಪೈಪಿನಲ್ಲಿ ಕೈನೀರು ಕೊಡಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹಾಕಿ, ಇಲ್ಲವಾದರೆ ಗೆದ್ದಲು ಬರುತ್ತದೆ. ಇನ್ನೂ ನೆಡದಿದ್ದರೆ ನೆಡುವುದನ್ನೇ ಮುಂದೂಡಿ. ಯಾರದಾದರೂ ಹಳೆಯ ಲ್ಯಾಟರಲ್ ತಾತ್ಕಾಲಿಕವಾಗಿ ಎಳೆಯುವುದಾದರೂ ಮೊದಲು ಕಚೇರಿಯಲ್ಲಿ ತಿಳಿಸಿಯೇ ಎಳೆಯಿರಿ.

ಕಂಪನಿ ಯಾವುದು ಎಂದೂ ಕೇಳಿದ್ದೀರಿ. ಜೈನ್, ನೆಟಾಫಿಮ್ ಎರಡನ್ನೂ ಬಳಸಿದ್ದೇನೆ, ಎರಡೂ ಬಾಳಿವೆ. ಇಲಾಖೆಯ ಪಟ್ಟಿಯಲ್ಲಿರಬೇಕು, ಐಎಸ್‌ಐ ಗುರುತು ಇರಬೇಕು, ಅಷ್ಟೇ. ಹೆಸರಿಗಿಂತ ಫಿಲ್ಟರ್ ಮುಖ್ಯ. ಡೀಲರ್‌ಗಳು ಸ್ಕ್ರೀನ್ ಫಿಲ್ಟರ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ನೀವು ಡಿಸ್ಕ್ ಫಿಲ್ಟರ್ ಕೇಳಿ, ಹೆಚ್ಚುವರಿ ಬೆಲೆ ಕೈಯಿಂದ ಹೋದರೂ ಚಿಂತೆಯಿಲ್ಲ. ಸಹಾಯಧನ ಕಂಪನಿಗೆ ಹೋಗುತ್ತದೆಯೋ ನಿಮ್ಮ ಖಾತೆಗೋ, ನಿಮ್ಮ ವಂತಿಕೆ ಎಷ್ಟು, ಇವನ್ನು ಓದಿಕೊಳ್ಳದೆ ಖಾಲಿ ಕಾಗದಕ್ಕೆ ಸಹಿ ಮಾಡಬೇಡಿ.

ಇದೇ ಓಡಾಟದಲ್ಲಿ ಬೆಳೆ ಸಮೀಕ್ಷೆಯನ್ನೂ ಮಾಡಿಕೊಳ್ಳಿ. ವಿಮೆ ಒಂದು ಬೆಳೆಗೆ, ಸಮೀಕ್ಷೆಯಲ್ಲಿ ಇನ್ನೊಂದು ಬೆಳೆ ಎಂದಾದರೆ ಎಷ್ಟು ಬಜೆಟ್ ಬಂದರೂ ಪರಿಹಾರ ಬರುವುದಿಲ್ಲ. ಫಸಲ್ ಬಿಮಾದಲ್ಲಿ ಆಲಿಕಲ್ಲಿನಂಥ ಸ್ಥಳೀಯ ಹಾನಿಗೆ 72 ಗಂಟೆಯೊಳಗೆ ತಿಳಿಸಬೇಕು, ಸಹಾಯವಾಣಿ 14447.

ಲಾರಿಯವರಿಗೆ ಇವತ್ತೇ ಫೋನ್ ಮಾಡಿ ನಿಲ್ಲಿಸಿ. ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ, ಕೊಡದಿದ್ದರೆ ಕಾರ್ಯಾದೇಶ ಬಂದ ಮೇಲೆ ಸಾಮಾನು ಕೊಡುವುದಾಗಿ ಬರೆಸಿಕೊಳ್ಳಿ. ಸೋಮವಾರ ಕಚೇರಿಗೆ ಹೋಗಿ ಬಂದ ಮೇಲೆ ಲೆಕ್ಕಶೀರ್ಷಿಕೆ, ಪಟ್ಟಿಯ ಸಂಖ್ಯೆ ಏನೆಂದರು ಎಂದು ಇಲ್ಲೇ ಬರೆಯಿರಿ. ಕಾರ್ಯಾದೇಶ ಬಂದ ದಿನ ಸಾಮಾನಿನ ಪಟ್ಟಿಯ ಫೋಟೊ ಹಾಕಿ, ಒಂದೊಂದೇ ಸಾಲು ನೋಡಿ ಹೇಳುತ್ತೇನೆ.