ಚೆಂಡೆ ಸರಿ ಕೇಳುತ್ತದೆ, ಚಿತ್ರ ಯಾಕೆ ಎಡವುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೇ ಕಂಪ್ಯೂಟರ್ ಇದೆ. ಕೋರ್ ಐ3, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹಾಡು ನುಡಿಸುವ ವಿನ್‌ಆಂಪ್‌ನಲ್ಲಿ, ಹಾಡಿಗೆ ತಕ್ಕ ಹಾಗೆ ಚಿತ್ರ ಬರೆಯುವ ಮಿಲ್ಕ್‌ಡ್ರಾಪ್ ಹಾಕಿಕೊಂಡು, ಯಕ್ಷಗಾನದ ಪದ ಕೇಳುತ್ತಾ ಪರದೆ ಮೇಲೆ ಬಣ್ಣ ಕುಣಿಯುವುದನ್ನು ನೋಡುವುದು ಅಪ್ಪನಿಗೂ ನನಗೂ ಅಭ್ಯಾಸ. ಹಳೇ 1366×768 ಮಾನಿಟರ್‌ನಲ್ಲಿ ಚೆನ್ನಾಗಿಯೇ ಇತ್ತು. ಈಗ 43 ಇಂಚಿನ 4ಕೆ ಟಿವಿ ತಂದು ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ್ದೇವೆ. ಪದ ಸರಿ ಕೇಳುತ್ತದೆ, ಚಿತ್ರ ಮಾತ್ರ ತಡೆದು ತಡೆದು ಓಡುತ್ತದೆ. ಏರುಪದ್ಯಕ್ಕೆ ಚೆಂಡೆ ಜೋರಾದಾಗಂತೂ ನೋಡಲಿಕ್ಕೇ ಆಗುವುದಿಲ್ಲ. ಅಂಗಡಿಯವರು ಹೊಸ ಕಂಪ್ಯೂಟರೇ ತೆಗೆದುಕೊಳ್ಳಿ ಎಂದರು. ಎಂತ ಮಾಡುವುದು?
— ಓದುಗರೊಬ್ಬರು, ಅಂಬಲಪಾಡಿ, ಉಡುಪಿ

ಉತ್ತರ: ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ನೀವೇ ಬರೆದ ಎರಡು ಸಂಗತಿಯಲ್ಲಿ ಅರ್ಧ ಉತ್ತರ ಇದೆ. ಪದ ಸರಿ ಕೇಳುತ್ತದೆ, ಹಳೇ ಮಾನಿಟರ್‌ನಲ್ಲಿ ಚಿತ್ರವೂ ಸರಿ ಇತ್ತು. ಅಂದರೆ ಕಂಪ್ಯೂಟರ್ ಕೆಟ್ಟಿಲ್ಲ, ಅದರ ಮೇಲೆ ಹೊರೆ ಜಾಸ್ತಿ ಆಗಿದೆ, ಅಷ್ಟೇ.

ಲೆಕ್ಕ ನೋಡಿ. ಹಳೇ ಮಾನಿಟರ್‌ನಲ್ಲಿ ಸುಮಾರು ಹತ್ತೂವರೆ ಲಕ್ಷ ಚುಕ್ಕಿ. 4ಕೆ ಅಂದರೆ 3840×2160, ಸುಮಾರು 83 ಲಕ್ಷ ಚುಕ್ಕಿ. ಹತ್ತಿರಹತ್ತಿರ ಎಂಟು ಪಟ್ಟು. ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ, ಅಂದರೆ ಒಂದೊಂದು ಚಿತ್ರ ಬರೆದು ಮುಗಿಸಲು ಸಿಗುವ ಸಮಯ 16.7 ಮಿಲಿಸೆಕೆಂಡ್. ಸಿನಿಮಾ ಆದರೆ ಮೊದಲೇ ಮಾಡಿಟ್ಟ ಚಿತ್ರವನ್ನು ಬಿಡಿಸಿ ತೋರಿಸಿದರೆ ಸಾಕು, ಮಿಲ್ಕ್‌ಡ್ರಾಪ್ ಹಾಗಲ್ಲ, ಆ ಕ್ಷಣ ಕೇಳಿದ ಶಬ್ದದಿಂದ ಪ್ರತಿಯೊಂದು ಚಿತ್ರವನ್ನೂ ಹೊಸದಾಗಿ ಲೆಕ್ಕ ಹಾಕಿ ಬರೆಯುತ್ತದೆ. ಪ್ರೊಸೆಸರ್ ಒಳಗೇ ಇರುವ ಸಣ್ಣ ಗ್ರಾಫಿಕ್ಸ್‌ಗೆ ಎಂಟು ಪಟ್ಟು ಕೆಲಸ ಕೊಟ್ಟರೆ ಅದು ಸಮಯಕ್ಕೆ ಮುಗಿಸುವುದು ಕಷ್ಟ ಅಲ್ವಾ?

ಇನ್ನೊಂದು ವಿಷಯವೂ ಇರಬಹುದು. ಹಳೇ ಕಂಪ್ಯೂಟರ್‌ನ ಎಚ್‌ಡಿಎಂಐ 1.4 ಆಗಿದ್ದರೆ 4ಕೆಯಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ಮಾತ್ರ ಟಿವಿಗೆ ಹೋಗುತ್ತದೆ. ಆಗ ಗ್ರಾಫಿಕ್ಸ್ ಎಷ್ಟೇ ಚುರುಕಾಗಿದ್ದರೂ ಪ್ರಯೋಜನ ಇಲ್ಲ.

ಹಾಗಾಗಿ ಮೊದಲ ಕೆಲಸ: ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 1920×1080 ಮಾಡಿ, ಅಲ್ಲೇ ಅಡ್ವಾನ್ಸ್ಡ್ ಡಿಸ್‌ಪ್ಲೇ ಒಳಗೆ 60 ಹರ್ಟ್ಸ್ (ಸೆಕೆಂಡಿಗೆ 60 ಸಲ) ಇದೆಯಾ ನೋಡಿ. ಟಿವಿ ಅದನ್ನು ತಾನೇ ಹಿಗ್ಗಿಸಿ ತೋರಿಸುತ್ತದೆ. ಕರಗಿ ಹರಿಯುವ ಬಣ್ಣಕ್ಕೆ, ನಾಲ್ಕು ಮಾರು ದೂರದಲ್ಲಿ ಕೂತು ನೋಡುವವರಿಗೆ, ವ್ಯತ್ಯಾಸ ಗೊತ್ತಾಗುವುದು ತುಂಬಾ ಕಡಿಮೆ. ಹೆಚ್ಚಿನವರಿಗೆ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಮಿಲ್ಕ್‌ಡ್ರಾಪ್ ಓಡುತ್ತಿರುವಾಗ ಎಫ್5 ಒತ್ತಿ. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂದು ಮೂಲೆಯಲ್ಲಿ ತೋರಿಸುತ್ತದೆ. ಇಲ್ಲಿ ಒಂದು ಮಾತು ಗಮನ ಇಟ್ಟು ಕೇಳಿ, ಯಾಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲೇ. 45 ಬಂದರೆ 30ಕ್ಕಿಂತ ಒಳ್ಳೆಯದು ಅಂದುಕೊಳ್ಳುತ್ತೇವೆ. ಆದರೆ 60ರ ಪರದೆಯಲ್ಲಿ 45 ಚಿತ್ರ ಸಮವಾಗಿ ಕೂರುವುದಿಲ್ಲ, ಕೆಲವು ಚಿತ್ರ ಒಂದು ಸಲಕ್ಕೆ ನಿಲ್ಲುತ್ತವೆ, ಕೆಲವು ಎರಡು ಸಲಕ್ಕೆ. ಕಣ್ಣಿಗೆ ಎಡವಿದ ಹಾಗೆ ಕಾಣುವುದು ಆ ಏರುಪೇರು. ನೀವು ಯಕ್ಷಗಾನ ಕೇಳುವವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ: ತಾಳ ನಿಧಾನ ಇದ್ದರೆ ಯಾರೂ ದೂರುವುದಿಲ್ಲ, ತಾಳ ತಪ್ಪಿದರೆ ಮಾತ್ರ ತಡೆಯಲಿಕ್ಕಾಗುವುದಿಲ್ಲ. 60 ಬರುವುದಾದರೆ 60, ಬರದಿದ್ದರೆ ಸೆಟ್ಟಿಂಗ್‌ನಲ್ಲಿ 30ಕ್ಕೆ ಕಟ್ಟಿಹಾಕಿ. ಸಮವಾಗಿ ಬಂದ 30, ಏರಿಳಿಯುವ 45ಕ್ಕಿಂತ ಎಷ್ಟೋ ನುಣುಪಾಗಿ ಕಾಣುತ್ತದೆ.

ಚೆಂಡೆ ಜೋರಾದಾಗ ಜಾಸ್ತಿ ಎಡವುವುದಕ್ಕೂ ಕಾರಣ ಇದೇ. ಚೆಂಡೆ ಬಿರುಸಾದರೆ ಕಂಪ್ಯೂಟರ್‌ಗೆ ಕೆಲಸ ಹೆಚ್ಚೇನೂ ಆಗುವುದಿಲ್ಲ. ಶಬ್ದದ ತಗ್ಗು, ನಡು, ತಾರ ಭಾಗಗಳ ಬಲವನ್ನು ಅಳೆದು ಅದು ಚಿತ್ರವನ್ನು ಕುಣಿಸುತ್ತದೆ. ಪೆಟ್ಟು ಬಿದ್ದಾಗ ಚಿತ್ರ ಜೋರಾಗಿ ಹಾರುತ್ತದೆ, ಮೊದಲೇ ಇದ್ದ ಏರುಪೇರು ಆಗ ಎದ್ದು ಕಾಣುತ್ತದೆ.

ಮಿಲ್ಕ್‌ಡ್ರಾಪ್ ಸೆಟ್ಟಿಂಗ್ಸ್ ತೆರೆಯಲು ವಿನ್‌ಆಂಪ್‌ನಲ್ಲಿ ಆಲ್ಟ್ ಮತ್ತು ಕೆ ಒಟ್ಟಿಗೆ ಒತ್ತಿ. ಅಲ್ಲಿ ಎರಡು ಕಡೆ ಕೈ ಇಡಿ. ಕ್ಯಾನ್ವಾಸ್ ಸ್ಟ್ರೆಚ್ ಜಾಸ್ತಿ ಮಾಡಿದರೆ ಸಣ್ಣ ಚಿತ್ರ ಬರೆದು ಹಿಗ್ಗಿಸುತ್ತದೆ, ಗ್ರಾಫಿಕ್ಸ್‌ಗೆ ಹಗುರ. ಮೆಶ್ ಸೈಜ್ ಕಡಿಮೆ ಮಾಡಿದರೆ ಪ್ರೊಸೆಸರ್‌ಗೆ ಹಗುರ. ಎರಡರಲ್ಲಿ ಯಾವುದು ಬೇಕು ಎಂದು ತಿಳಿಯಲು ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟ ನೋಡಿ. ಜಿಪಿಯು, ಅಂದರೆ ಗ್ರಾಫಿಕ್ಸ್, ಶೇಕಡಾ ನೂರರ ಹತ್ತಿರ ಇದ್ದರೆ ಮೊದಲನೆಯದು. ಸಿಪಿಯು, ಅಂದರೆ ಪ್ರೊಸೆಸರ್, 25 ಎಂದು ತೋರಿಸಿದರೆ ಆರಾಮ ಇದೆ ಎಂದು ಸುಮ್ನೆ ಬಿಡಬೇಡಿ. ಆ ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ ಎಂದು ಬದಲಿಸಿದರೆ ನಾಲ್ಕು ಡಬ್ಬಿ ಕಾಣಬಹುದು, ಅದರಲ್ಲಿ ಒಂದು ತುಂಬಿಹೋಗಿ ಮೂರು ಖಾಲಿ ಕೂತಿದ್ದರೂ ಒಟ್ಟು ಲೆಕ್ಕ 25 ಅಂತಲೇ ಬರುತ್ತದೆ. ಹಾಗೆ ಒಂದು ತುಂಬಿದ್ದರೆ ಎರಡನೆಯದು.

ಅದೇ ಪುಟದಲ್ಲಿ ಜಿಪಿಯು ಕಾಣಿಸದೇ ಇದ್ದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ ಎದುರು ಮೈಕ್ರೋಸಾಫ್ಟ್ ಬೇಸಿಕ್ ಎಂದು ಬರೆದಿದ್ದರೆ ಸರಿಯಾದ ಡ್ರೈವರ್ (ಗ್ರಾಫಿಕ್ಸನ್ನು ನಡೆಸುವ ತಂತ್ರಾಂಶ) ಕೂತಿಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಇದು ಆಗಾಗ ಆಗುತ್ತದೆ. ಡ್ರೈವರ್ ಹಾಕದೆ ಬೇರೆ ಏನು ಮಾಡಿದರೂ ವ್ಯರ್ಥ.

ಚಿತ್ರದ ನಮೂನೆ ಬದಲಾಗುವಾಗ ಮಾತ್ರ ತಡೆಯುತ್ತದೆಯಾ ಎಂದೂ ಗಮನಿಸಿ. ಒಂದು ಪ್ರೀಸೆಟ್ ಇನ್ನೊಂದರೊಳಗೆ ಕರಗುವಾಗ ಎರಡೂ ಒಟ್ಟಿಗೆ ಓಡುತ್ತವೆ, ಆ ಕೆಲವು ಸೆಕೆಂಡ್ ಹೊರೆ ದುಪ್ಪಟ್ಟು. ಮಿಲ್ಕ್‌ಡ್ರಾಪ್ ಮೊದಲು ಬಂದದ್ದು 2001ರಲ್ಲಿ. 2007ರ ಎರಡನೇ ಆವೃತ್ತಿಯಲ್ಲಿ ಪ್ರತಿ ಚುಕ್ಕಿಯ ಬಣ್ಣವನ್ನೂ ಗ್ರಾಫಿಕ್ಸ್ ಚಿಪ್‌ನಲ್ಲೇ ಲೆಕ್ಕ ಹಾಕುವ ಪಿಕ್ಸೆಲ್ ಶೇಡರ್ ಸೇರಿತು. ಅಂಥ ಪ್ರೀಸೆಟ್‌ಗಳು ಚಂದ, ಆದರೆ ಭಾರ. ಯಾವುದು ಬಂದಾಗ ಎಫ್5ನ ಅಂಕಿ ಕುಸಿಯುತ್ತದೋ ಆಗ ಎಫ್4 ಒತ್ತಿ ಹೆಸರು ಬರೆದುಕೊಳ್ಳಿ, ಆ ಫೈಲನ್ನು ಬೇರೆ ಫೋಲ್ಡರ್‌ಗೆ ಸರಿಸಿ. ಅಪ್ಪನ ಜೊತೆ ಒಂದು ಸಂಜೆ ಕೂತರೆ ಮೂವತ್ತು ನಲವತ್ತು ಒಳ್ಳೆಯವು ಆರಿಸಬಹುದು. ಆರಿಸುವಾಗ ಪಟಪಟ ಮಿನುಗುವವನ್ನು ದಯವಿಟ್ಟು ಬಿಟ್ಟುಬಿಡಿ, ಅಪಸ್ಮಾರ ಇರುವ ಕೆಲವರಿಗೆ ಅಂಥ ಬೆಳಕಿನಿಂದಲೇ ಫಿಟ್ಸ್ ಬರಬಹುದು, ಮನೆಗೆ ಯಾರೆಲ್ಲ ಬರುತ್ತಾರೋ ಗೊತ್ತಿರುವುದಿಲ್ಲ.

ದುಡ್ಡು ಹಾಕಲೇಬೇಕು ಎಂದಾದರೆ ಮೊದಲು ರ‍್ಯಾಮ್ ನೋಡಿ. ನಿಮ್ಮ 8 ಜಿಬಿ ಒಂದೇ ಕಡ್ಡಿಯಾಗಿದ್ದರೆ, ಅದೇ ಬಗೆಯ ಇನ್ನೊಂದನ್ನು ಖಾಲಿ ಸ್ಲಾಟ್‌ಗೆ ಹಾಕಿಸಿ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ಬಳಸುತ್ತದೆ, ಎರಡು ಕಡ್ಡಿ ಇದ್ದರೆ ದಾರಿ ಅಗಲವಾಗುತ್ತದೆ. ಹೊಸ ಕಂಪ್ಯೂಟರ್‌ನ ಮಾತು ಆಮೇಲೆ.

ಪ್ರಶ್ನೆ: ಸುರತ್ಕಲ್‌ನಲ್ಲಿ ಓದುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಮಿಲ್ಕ್‌ಡ್ರಾಪ್‌ನಂಥದೇ ಆದ ಪ್ರೊಜೆಕ್ಟ್‌ಎಂ ಹಾಕಿದರೆ ಮೊದಲ ಹತ್ತು ನಿಮಿಷ ಬೆಣ್ಣೆ ಹಾಗೆ ಓಡುತ್ತದೆ, ಆಮೇಲೆ ಎಳೆಯಲು ಶುರು. ಒಳ್ಳೆ ಗ್ರಾಫಿಕ್ಸ್ ಚಿಪ್ ಬೇರೆಯೇ ಇದೆ. ಮತ್ತೆ ಯಾಕೆ?
— ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಹತ್ತು ನಿಮಿಷದ ನಂತರ ಎಂದರೆ ಮೊದಲ ಅನುಮಾನ ಬಿಸಿಯ ಮೇಲೆ. ಚಿಪ್ ಕಾದಾಗ ಸುಟ್ಟುಹೋಗಬಾರದು ಎಂದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ನಮ್ಮ ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಕೋಣೆಯ ಗಾಳಿಯೇ ಬಿಸಿ, ಫ್ಯಾನ್ ಅದನ್ನೇ ಒಳಗೆ ಎಳೆಯಬೇಕು. ಗಾಳಿಯ ತೇವಕ್ಕೆ ಧೂಳು ಅಂಟಿ ಫ್ಯಾನ್ ಪಕ್ಕದ ಜಾಲರಿಯಲ್ಲಿ ಗಟ್ಟಿ ಕೂರುತ್ತದೆ. ಹಾಸಿಗೆ ಮೇಲೆ ಇಟ್ಟು ಬಳಸುತ್ತಿದ್ದರೆ ಇವತ್ತೇ ಮೇಜಿಗೆ ಬನ್ನಿ, ಹಿಂಭಾಗ ಸ್ವಲ್ಪ ಎತ್ತರಿಸಿ. ಧೂಳು ಊದಿಸುವಾಗ ಫ್ಯಾನ್ ತಿರುಗದಂತೆ ಹಿಡಿದುಕೊಳ್ಳಬೇಕು, ಗಾಳಿಯ ರಭಸಕ್ಕೆ ಅತಿಯಾಗಿ ತಿರುಗಿ ಅದು ಹಾಳಾಗಬಹುದು. ನಾಲ್ಕೈದು ವರ್ಷ ಹಳೆಯದಾದರೆ ಚಿಪ್‌ನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಅದನ್ನು ತಿಳಿದವರ ಕೈಯಲ್ಲೇ ಬದಲಿಸಿ.

ಒಳ್ಳೆ ಚಿಪ್ ಇದೆ ಎಂದಿರಿ. ಆದರೆ ಪ್ರೊಜೆಕ್ಟ್‌ಎಂ ಅದನ್ನು ಬಳಸುತ್ತಿದೆಯಾ? ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ಗಳು ಕರೆಂಟ್ ಉಳಿಸಲು ಸಣ್ಣದನ್ನೇ ಕೊಡುವುದುಂಟು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಕೆಳಗೆ ಗ್ರಾಫಿಕ್ಸ್ ಎಂದಿದೆ, ಅಲ್ಲಿ ಪ್ರೋಗ್ರಾಂ ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ. ಚಾರ್ಜರ್ ಹಾಕಿಯೇ ನೋಡಿ.

ಪ್ರಶ್ನೆ: ನನಗೆ ಚಿತ್ರವೂ ತಡೆಯುತ್ತದೆ, ಹಾಡೂ ಟಪ್ ಟಪ್ ಎಂದು ಒಡೆಯುತ್ತದೆ. ಇನ್ನೊಂದು, ಬ್ಲೂಟೂತ್ ಸ್ಪೀಕರ್ ಹಾಕಿದರೆ ಚಿತ್ರ ಮೊದಲು ಕುಣಿದು ಶಬ್ದ ಆಮೇಲೆ ಬರುತ್ತದೆ.
— ಕದ್ರಿ, ಮಂಗಳೂರು

ಉತ್ತರ: ಹಾಡೇ ಒಡೆಯುತ್ತದೆ ಎಂದಾದರೆ ಚಿತ್ರವನ್ನು ಸದ್ಯ ಮರೆತುಬಿಡಿ. ವಿಶುವಲೈಸರ್ (ಮಿಲ್ಕ್‌ಡ್ರಾಪ್‌ನಂಥ, ಹಾಡಿಗೆ ಚಿತ್ರ ಕುಣಿಸುವ ಪ್ರೋಗ್ರಾಂ) ನಿಲ್ಲಿಸಿ ಬರೀ ಹಾಡು ಹಾಕಿ. ಆಗಲೂ ಒಡೆದರೆ ತೊಂದರೆ ಬೇರೆ ಕಡೆ ಇದೆ: ಹಾಡು ಇರುವ ಹಳೇ ಯುಎಸ್‌ಬಿ ಡಿಸ್ಕ್, ಹಿಂದೆ ಓಡುತ್ತಿರುವ ಅಪ್‌ಡೇಟ್, ವೈಫೈ ಅಥವಾ ಸೌಂಡ್ ಡ್ರೈವರ್. ಒಂದೊಂದನ್ನೇ ತೆಗೆದು ನೋಡಿ, ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತೇ ಆಗುವುದಿಲ್ಲ. ಹಾಡು ಕಂಪ್ಯೂಟರ್‌ನಲ್ಲೇ ಇರುವ ಡಿಸ್ಕ್‌ಗೆ ನಕಲು ಮಾಡಿ ಪರೀಕ್ಷಿಸುವುದು ಎಲ್ಲಕ್ಕಿಂತ ಸುಲಭ.

ಬ್ಲೂಟೂತ್‌ನ ವಿಷಯ ದೋಷ ಅಲ್ಲ. ಶಬ್ದವನ್ನು ಕುಗ್ಗಿಸಿ, ಕಳಿಸಿ, ಆ ಕಡೆ ಬಿಡಿಸಿ ನುಡಿಸಲು ಹೊತ್ತು ಬೇಕು, ವಿಶುವಲೈಸರ್ ಮಾತ್ರ ಶಬ್ದ ಹೊರಡುವ ಮೊದಲೇ ಅದನ್ನು ನೋಡಿರುತ್ತದೆ. ಸ್ಪೀಕರ್‌ಗೆ ವಯರ್ ಹಾಕಿ, ಎರಡೂ ಕೂಡಿ ಬರುತ್ತವೆ. ವಯರ್ ಹಾಕಿ ಟಿವಿಯಲ್ಲಿ ನೋಡುವಾಗ ಈಗ ಚಿತ್ರವೇ ಹಿಂದೆ ಬಿದ್ದರೆ, ಟಿವಿಯ ಗೇಮ್ ಮೋಡ್ ಆನ್ ಮಾಡಿ.