ಹಳ್ಳಿ ಎಬ್ಬಿಸಿದರೆ ಚಿಂಪಾಂಜಿ ಉಳಿಯುತ್ತಾ?

ಶಿರಸಿಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ. ಉಗಾಂಡಾದ ಬುಲಿಂಡಿ ಎಂಬ ಊರಿನ ಚಿಂಪಾಂಜಿಗಳು, ಅಲ್ಲಿ ಕಾಡು ಉಳಿಸುವ ರೈತರಿಗೆ ಕೊಡುವ ನೆರವು, ಇವುಗಳ ಬಗ್ಗೆ ನಾವು ಹಾಕಿದ ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. 'ಕಾಡೊಳಗೆ ಹೋಗಿ ಕೂತವರನ್ನು ಎಬ್ಬಿಸಿ ಕಳಿಸಿ, ಪ್ರಾಣಿ ತಾನಾಗಿ ಉಳಿಯುತ್ತದೆ. ಸುಮ್ನೆ ದುಡ್ಡು ಕೊಡುತ್ತಾ ಕೂತರೆ ಎಷ್ಟು ದಿನ?' ಅಂತ ಕೇಳಿದ್ದೀರಿ. ಸಿಟ್ಟು ಸರಿ, ಪರಿಹಾರ ಮಾತ್ರ ನಾನು ಒಪ್ಪಲಾರೆ.

ಬುಲಿಂಡಿಯ ಜನ ಕಾಡೊಳಗೆ ಹೋಗಿ ಕೂತವರಲ್ಲ. ಪಶ್ಚಿಮ ಉಗಾಂಡಾದಲ್ಲಿ ಬುಡೊಂಗೊ, ಬುಗೋಮಾ ಅಂತ ಎರಡು ದೊಡ್ಡ ಸರ್ಕಾರಿ ಕಾಡುಗಳಿವೆ. ಅವುಗಳ ನಡುವೆ ಹಳ್ಳದ ಬದಿಯಲ್ಲಿ ಉಳಿದಿರುವ ತುಂಡು ಕಾಡುಗಳು ರೈತರ ಸ್ವಂತ ಜಮೀನು. ಬುಲಿಂಡಿಯ ಸುಮಾರು 20 ಚಿಂಪಾಂಜಿಗಳು ಇರುವುದು ಅಂಥ ತುಂಡುಗಳಲ್ಲೇ. ಮಕ್ಕಳ ಶಾಲೆ ಫೀಸು ಕಟ್ಟುವ ಹೊತ್ತಿಗೆ ಆ ರೈತನಿಗೆ ಮರವೇ ಬ್ಯಾಂಕು. ಒಂದಷ್ಟು ಕಾಡು ನಾಟಾಕ್ಕೆ ಹೋಯಿತು, ಇನ್ನೊಂದಷ್ಟು ಹೊಗೆಸೊಪ್ಪಿನ ಗದ್ದೆಯಾಯಿತು, ಈಗ ಕಬ್ಬಿನ ಸರದಿ.

ಕಾಡಿನ ಹಣ್ಣು ಕಡಿಮೆಯಾದಾಗ ಚಿಂಪಾಂಜಿಗಳು ಹಿತ್ತಲಿಗೆ ಬರುತ್ತವೆ. ಯಾತಕ್ಕೆ ಗೊತ್ತಾ? ಹಲಸಿನ ಹಣ್ಣಿಗೆ! ನಮ್ಮ ಪಶ್ಚಿಮ ಘಟ್ಟದ ಹಲಸು ಅಲ್ಲಿಯ ಮನೆಗಳ ಸುತ್ತಲೂ ಬೆಳೆದಿದೆ. ಕೇಳಲು ತಮಾಷೆ ಅನ್ನಿಸಬಹುದು, ಆದರೆ ಅವು ನಮ್ಮ ತೋಟದ ಮಂಗಗಳಂತಲ್ಲ, ಗಂಡು ಚಿಂಪಾಂಜಿ ಎದುರು ದೊಡ್ಡವರ ಆಟವೂ ನಡೆಯುವುದಿಲ್ಲ. 2014ರಲ್ಲಿ ಕ್ಯಾಮಜಾಕಾ ಎಂಬ ಹಳ್ಳಿಯಲ್ಲಿ ತಾಯಿ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಚಿಂಪಾಂಜಿಯೊಂದು ಅವಳ ಪುಟ್ಟ ಮಗುವನ್ನು ಎಳೆದೊಯ್ದು ಕೊಂದಿತು. ಆ ಕುಟುಂಬ ಕೊನೆಗೆ ಮನೆ ಬಿಟ್ಟು ಹೋಯಿತು. ನೀವು ಹೇಳಿದ್ದೇ ಆಯಿತಲ್ವಾ? ಚಿಂಪಾಂಜಿಗಳು ಮಾತ್ರ ಆಮೇಲೂ ಆ ಖಾಲಿ ಮನೆಗೆ ಬಂದು ಕಿಟಕಿ ಗಾಜಿನಲ್ಲಿ ತಮ್ಮದೇ ಮುಖ ನೋಡುತ್ತಿದ್ದವು. ಜನ ಹೋದರು ಅಂತ ಕಾಡೇನು ವಾಪಸ್ ಬರಲಿಲ್ಲ.

ಇನ್ನು ದುಡ್ಡಿನ ಮಾತು. ಮ್ಯಾಟ್ ಮೆಕ್ಲೆನನ್ ಎಂಬ ಸಂಶೋಧಕರು 2006ರಲ್ಲಿ ಬುಲಿಂಡಿಗೆ ಬಂದದ್ದು ಚಿಂಪಾಂಜಿಗಳನ್ನು ಅಧ್ಯಯನ ಮಾಡಲು. ಕಣ್ಣೆದುರೇ ಮರ ಬೀಳುವುದನ್ನು ಕಂಡು ಮುಂದೆ ಅಲ್ಲೇ ಒಂದು ಯೋಜನೆ ಶುರು ಮಾಡಿದರು. ಕಾಡು ಉಳಿಸಿಕೊಂಡ ಮನೆಯ ಮಕ್ಕಳಿಗೆ ಶಾಲೆ ಫೀಸು, ಜೊತೆಗೆ ಸಸಿಗಳು, ಕಟ್ಟಿಗೆ ಕಡಿಮೆ ಬೇಡುವ ಒಲೆ. ಹೆಂಗಸರು, ಮಕ್ಕಳು ಚಿಂಪಾಂಜಿ ಇರುವ ಹಳ್ಳಕ್ಕೆ ಕೊಡ ಹಿಡಿದು ಹೋಗಬೇಕಾಗದಂತೆ ಬೋರ್‌ವೆಲ್. ನನಗೆ ಈ ಬೋರ್‌ವೆಲ್ಲೇ ಎಲ್ಲಕ್ಕಿಂತ ಜಾಣತನದ ಕೆಲಸ ಅನ್ನಿಸುತ್ತದೆ.

ಎಷ್ಟು ದಿನ ಅಂದಿರಿ. ಹೆಣ್ಣು ಚಿಂಪಾಂಜಿ ಮರಿ ಹಾಕುವುದು ಸುಮಾರು 5–6 ವರ್ಷಕ್ಕೊಮ್ಮೆ, ಅದೂ ಒಂದೇ. ಹಾಗಾಗಿ ಇದು ದಿನದ ಲೆಕ್ಕವಲ್ಲ. ಒಂದನೇ ಕ್ಲಾಸಿಗೆ ಸೇರಿದ ಹುಡುಗಿ ಕಾಲೇಜು ಮುಗಿಸುವವರೆಗಾದರೂ ಫೀಸು ಕಟ್ಟುತ್ತಿರಬೇಕು.

– ಸಂಪಾದಕ